ಮನೆಯಲ್ಲೇ ಇರುವವಳ ಹೊತ್ತು

(ಸಂಬಂಧಪಟ್ಟವರ ಒಪ್ಪಿಗೆ ಪಡೆದು ಬರೆದ ಪ್ರಕರಣ. ಗುರುತು ಹಿಡಿಯಬಹುದಾದ ವಿವರಗಳನ್ನು ಬದಲಿಸಿದ್ದೇನೆ.)

ನವೆಂಬರ್ ಎರಡನೆಯ ವಾರ ಆಪ್ತಸಲಹೆಗೆಂದು ನನ್ನಲ್ಲಿಗೆ ಬಂದ ಆಕೆ ಚೀಲದಿಂದ ಮೊದಲು ತೆಗೆದದ್ದು ಮೂರು ನೋಟ್‌ಪುಸ್ತಕಗಳನ್ನು. ಮೂರರಲ್ಲೂ ವೇಳಾಪಟ್ಟಿಗಳೇ. ಅಡಿಕೋಲಿನಿಂದ ಗೆರೆ ಎಳೆದು, ಎರಡು ಬಣ್ಣದ ಶಾಯಿಯಲ್ಲಿ, ಬೆಳಗಿನ 5ರಿಂದ ರಾತ್ರಿ 11ರವರೆಗೆ ಅರ್ಧರ್ಧ ಗಂಟೆಯ ಚೌಕಗಳು. ಯಾವ ಪಟ್ಟಿಯೂ ನಾಲ್ಕು ದಿನ ದಾಟಿರಲಿಲ್ಲ.

“ನನಗೆ ಶಿಸ್ತಿಲ್ಲ ಮೇಡಂ. ದಿನವಿಡೀ ಮನೆಯಲ್ಲೇ ಇರುತ್ತೇನೆ, ಆದರೂ ಒಂದು ಕೆಲಸವೂ ಮುಗಿಯುವುದಿಲ್ಲ” ಎಂದರು. ಇಷ್ಟು ಹೇಳುವಷ್ಟರಲ್ಲಿ ಮೇಜಿನ ಮೇಲಿದ್ದ ಅವರ ಮೊಬೈಲ್ ಎರಡು ಸಲ ಅದುರಿತ್ತು. ಎರಡು ಸಲವೂ ಅವರ ಕಣ್ಣು ಅತ್ತ ಹೋಗಿ ಬಂದಿತ್ತು.

ವಯಸ್ಸು 37. ಬೆಂಗಳೂರಿನ ಪಶ್ಚಿಮ ಭಾಗದ ಹಳೆಯ ಬಡಾವಣೆಯೊಂದರಲ್ಲಿ ಮನೆ. ವಾಣಿಜ್ಯ ಪದವೀಧರೆ. ಮಗ ಹುಟ್ಟಿದ ಮೇಲೆ ಕಚೇರಿ ಬಿಟ್ಟವರು, ಮೂರು ವರ್ಷದಿಂದ ಅಮೆರಿಕದ ಪೂರ್ವ ಕರಾವಳಿಯ ಒಂದು ಸಣ್ಣ ಸಂಸ್ಥೆಯ ಲೆಕ್ಕಪತ್ರಗಳನ್ನು ಆನ್‌ಲೈನ್‌ನಲ್ಲಿ ನೋಡಿಕೊಳ್ಳುತ್ತಿದ್ದಾರೆ. ದಿನಕ್ಕೆ ಐದು ಗಂಟೆಯ ಕೆಲಸವೆಂದು ಒಪ್ಪಂದ. ಮನೆಯಲ್ಲಿ ಗಂಡ, ನಾಲ್ಕನೆಯ ತರಗತಿಯ ಮಗ, ಅತ್ತೆ, ಮಾವ. ಗಂಡನ ಕಚೇರಿ ವೈಟ್‌ಫೀಲ್ಡ್‌ನಲ್ಲಿ. ಮೆಟ್ರೊ ನೇರಳೆ ಮಾರ್ಗ ಪೂರ್ತಿಯಾದ ಮೇಲೆ ಒಂದೇ ರೈಲಿನಲ್ಲಿ ಹೋಗಿಬರುತ್ತಾರೆ, ಆದರೂ ದಿನದ ಮೂರು ಗಂಟೆ ಪ್ರಯಾಣಕ್ಕೇ ಸಲ್ಲುತ್ತದೆ.

ಸಮಯ ಸಾಲದು ಎಂದು ಬರುವವರ ಬಳಿ ನಾನು ಮೊದಲು ಸಮಯದ ಮಾತನ್ನೇ ಎತ್ತುವುದಿಲ್ಲ. ನಿದ್ರೆ ಹೇಗಿದೆ, ಹಸಿವಾಗುತ್ತದೆಯೇ, ಕಾರಣವಿಲ್ಲದೆ ಅಳು ಬರುತ್ತದೆಯೇ, ಮೊದಲು ಇಷ್ಟವಾಗುತ್ತಿದ್ದದ್ದು ಈಗಲೂ ಇಷ್ಟವೇ ಎಂದು ಕೇಳುತ್ತೇನೆ. ಖಿನ್ನತೆ ಇರುವವರಿಗೆ ವೇಳಾಪಟ್ಟಿ ಹಾಕಿಕೊಡುವುದು ಜ್ವರ ಬಂದವರನ್ನು ಓಟಕ್ಕೆ ನಿಲ್ಲಿಸಿದ ಹಾಗೆ. ಈಕೆಗೆ ನಿದ್ರೆ ಕಡಿಮೆಯಿತ್ತು, ಉಳಿದ ಲಕ್ಷಣಗಳು ಕಾಣಲಿಲ್ಲ. ಹಾಗಾಗಿ ಮುಂದುವರಿದೆ.

ಹೊಸ ವೇಳಾಪಟ್ಟಿ ಬೇಡವೇ ಬೇಡ ಎಂದೆ. ಅವರಿಗೆ ಅಚ್ಚರಿಯಾಯಿತು. “ಹಾಲಿನ ಲೆಕ್ಕ ಹೇಗೆ ಬರೆಯುತ್ತೀರಿ?” ಎಂದು ಕೇಳಿದೆ. ಗೋಡೆಯ ಕ್ಯಾಲೆಂಡರಿನಲ್ಲಿ, ಆಯಾ ದಿನ ಎಷ್ಟು ಪ್ಯಾಕೆಟ್ ಬಂತೋ ಅಷ್ಟು. ನಾಳೆ ಎಷ್ಟು ಬರಬೇಕು ಎಂದು ಯಾರೂ ಅದರಲ್ಲಿ ಬರೆಯುವುದಿಲ್ಲ. ಹೊತ್ತಿನ ಲೆಕ್ಕವನ್ನೂ ಏಳು ದಿನ ಹಾಗೆಯೇ ಬರೆಯಿರಿ ಎಂದೆ: ಕೂತದ್ದು ಎಷ್ಟು ಗಂಟೆಗೆ, ಎದ್ದದ್ದು ಎಷ್ಟು ಗಂಟೆಗೆ, ಯಾತಕ್ಕೆ ಎದ್ದಿರಿ. ತಪ್ಪು ಒಪ್ಪು ಎಂಬ ಟಿಪ್ಪಣಿ ಕೂಡದು.

ಆ ಏಳು ಹಾಳೆಗಳು ಈಗಲೂ ನನ್ನ ಕಣ್ಣ ಮುಂದಿವೆ. ಕಂಪ್ಯೂಟರ್ ಮುಂದೆ ಕೂತದ್ದು 10.05ಕ್ಕೆ. 10.12ಕ್ಕೆ ಕೊರಿಯರ್. 10.20ಕ್ಕೆ ಸೊಪ್ಪಿನವರು. 10.31ಕ್ಕೆ ಕಾವೇರಿ ನೀರು ಬಂತು, ಸಂಪು ತುಂಬುತ್ತಿದೆಯೇ ನೋಡಬೇಕು. 10.50ಕ್ಕೆ ಮೋಟಾರ್ ಹಾಕಬೇಕು, 11.15ಕ್ಕೆ ಆರಿಸಬೇಕು. ನಡುವೆ ಗ್ರಾಹಕ ಸಂಸ್ಥೆಯವರು ರಾತ್ರಿ ಕಳುಹಿಸಿದ್ದ ಸಂದೇಶಗಳಿಗೆ ಉತ್ತರ, ಬೀದಿಯವರ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಕಸದ ಗಾಡಿಯ ಚರ್ಚೆ, ಮಗನ ಶಾಲೆಯ ಗುಂಪಿನಲ್ಲಿ ನಾಳೆಗೆ ತರಬೇಕಾದ ಬಣ್ಣದ ಕಾಗದ. ಇಡೀ ವಾರದ ಹಗಲಿನಲ್ಲಿ ಎಬ್ಬಿಸುವವರಿಲ್ಲದೆ ಅವರು ಕೂತ ಅತಿ ದೀರ್ಘ ಅವಧಿ 22 ನಿಮಿಷ. ಐದು ಗಂಟೆಯ ಕೆಲಸ ಒಂಬತ್ತು ಗಂಟೆಗೂ ಮೇಲೆ ಹರಡಿಕೊಂಡು, ಉಳಿದದ್ದು ರಾತ್ರಿಗೆ ಜಾರುತ್ತಿತ್ತು.

“ಇದರಲ್ಲಿ ಶಿಸ್ತಿಲ್ಲದ ಹೆಂಗಸು ಎಲ್ಲಿದ್ದಾಳೆ, ತೋರಿಸಿ” ಎಂದೆ. ಅವರು ಹಾಳೆಗಳನ್ನು ತಿರುವಿಹಾಕಿದರು, ಉತ್ತರಿಸಲಿಲ್ಲ.

ಮನಸ್ಸಿನ ಸ್ವಭಾವದ ಬಗ್ಗೆ ಇಲ್ಲಿ ಒಂದು ಮಾತು ಹೇಳಬೇಕು. ಒಂದು ಕೆಲಸವನ್ನು ಅರ್ಧಕ್ಕೆ ಬಿಟ್ಟು ಇನ್ನೊಂದಕ್ಕೆ ಹೋದಾಗ ಗಮನ ಪೂರ್ತಿಯಾಗಿ ಜೊತೆಗೆ ಬರುವುದಿಲ್ಲ, ಒಂದಿಷ್ಟು ಹಿಂದಿನ ಕೆಲಸದಲ್ಲೇ ಉಳಿದುಬಿಡುತ್ತದೆ. ಸೋಫಿ ಲೆರಾಯ್ ಎಂಬ ಸಂಶೋಧಕಿ 2009ರಲ್ಲಿ ಇದನ್ನು ಪ್ರಯೋಗಗಳ ಮೂಲಕ ತೋರಿಸಿದರು. ಮೋಟಾರ್ ಆರಿಸಲು ಬೇಕಾದದ್ದು ಅರ್ಧ ನಿಮಿಷವಾದರೂ ಅಂಕಿಗಳ ಸಾಲಿಗೆ ಮರಳಿ ಮನಸ್ಸು ನೆಡಲು ಹೆಚ್ಚು ಹೊತ್ತು ಬೇಕು. ಅದನ್ನು ಯಾವ ಪಟ್ಟಿಯಲ್ಲೂ ಯಾರೂ ಬರೆದುಕೊಳ್ಳುವುದಿಲ್ಲ. ಇದಕ್ಕೆ ನಾನು ಕೊಟ್ಟ ಉಪಾಯ ತೀರಾ ಸಣ್ಣದು: ಏಳಲೇಬೇಕಾದರೆ, ಏಳುವ ಮುನ್ನ ಒಂದು ಸಾಲು ಬರೆದಿಡಿ. “ಜುಲೈ ಬಿಲ್ಲು 14ರವರೆಗೆ ನೋಡಿದೆ, 15ರಲ್ಲಿ ಮೊತ್ತ ಹೊಂದುತ್ತಿಲ್ಲ” ಎನ್ನುವಷ್ಟು. ಮರಳಿ ಬಂದಾಗ ಮೊದಲಿನಿಂದ ಹುಡುಕುವುದು ತಪ್ಪುತ್ತದೆ. ತಮಗೆ ಹೆಚ್ಚು ಪ್ರಯೋಜನವಾದದ್ದು ಇದೇ ಎಂದು ಆಮೇಲೆ ಅವರೇ ಹೇಳಿದರು.

ಎರಡನೆಯ ಭೇಟಿಯಲ್ಲಿ ನಾನು ಕೇಳಿದ ಇನ್ನೊಂದು ಪ್ರಶ್ನೆ: ಈಗಲೇ ಏಕೆ ಬಂದಿರಿ? ಈ ತಿಂಗಳ ಆರಂಭದಿಂದ ಎಲ್ಲವೂ ಕೈಮೀರಿತು ಎಂದರು. ಹಿಂದಿನ ವರ್ಷ? ಯೋಚಿಸಿ, “ಹೋದ ವರ್ಷವೂ ದೀಪಾವಳಿ ಆದಮೇಲೆಯೇ” ಎಂದರು. ಕಾರಣ ಗಡಿಯಾರದಲ್ಲಿತ್ತು. ಅಮೆರಿಕದ ಬಹುಭಾಗದಲ್ಲಿ ಮಾರ್ಚ್ ಎರಡನೆಯ ಭಾನುವಾರ ಗಡಿಯಾರವನ್ನು ಒಂದು ಗಂಟೆ ಮುಂದಿಡುತ್ತಾರೆ, ನವೆಂಬರ್ ಮೊದಲನೆಯ ಭಾನುವಾರ ಹಿಂದಿಡುತ್ತಾರೆ. ನಮ್ಮ ಗಡಿಯಾರ ಅಲುಗುವುದಿಲ್ಲ. ನ್ಯೂಯಾರ್ಕಿನ ಬೆಳಗಿನ 9 ಗಂಟೆ ಬೇಸಿಗೆಯಲ್ಲಿ ನಮಗೆ ಸಂಜೆ 6.30, ಚಳಿಗಾಲದಲ್ಲಿ 7.30. ಆಕೆಯ ನಿತ್ಯದ ವಿಡಿಯೊ ಸಭೆ ನವೆಂಬರಿನಿಂದ ನೇರವಾಗಿ ರಾತ್ರಿಯ ಅಡುಗೆ, ಮಗನ ಪಾಠ, ಮಾವನವರ ಊಟಕ್ಕೆ ಮುಂಚಿನ ಮಾತ್ರೆ, ಇಷ್ಟರ ಮೇಲೂ ಬಂದು ಕೂತಿತ್ತು. ಸಭೆಯಲ್ಲಿ ಕೂತರೆ ಅಡುಗೆಮನೆಯಿಂದ ಪಾತ್ರೆಯ ಸದ್ದು ಜೋರಾಗುತ್ತಿತ್ತು. ಅಡುಗೆಮನೆಗೆ ಹೋದರೆ ಮರುದಿನ ಗ್ರಾಹಕರಿಂದ ಪ್ರಶ್ನೆ. ಮೂರು ವರ್ಷವೂ ಇದು ನಡೆದಿತ್ತು, ಮೂರು ವರ್ಷವೂ ಅವರು ತಮ್ಮನ್ನೇ ಬೈದುಕೊಂಡಿದ್ದರು.

ಮೂರನೆಯ ಭೇಟಿಗೆ ಗಂಡನನ್ನೂ ಕರೆದುಕೊಂಡು ಬನ್ನಿ ಎಂದೆ. ಒಳ್ಳೆಯ ಮನುಷ್ಯ. “ಅವಳಿಗೆ ಪ್ರಯಾಣವಿಲ್ಲ ಮೇಡಂ, ಮೂರು ಗಂಟೆ ಉಳಿಯುತ್ತದೆಯಲ್ಲ” ಎಂದು ನಿಜವಾಗಿಯೂ ನಂಬಿದ್ದರು. ನಾನು ವಾದಿಸಲಿಲ್ಲ, ಏಳು ಹಾಳೆಗಳನ್ನು ಅವರ ಕೈಗೆ ಕೊಟ್ಟೆ. ಅವರು ಓದುತ್ತಿದ್ದಾಗ ಕೇಂದ್ರ ಸರ್ಕಾರದ 2024ರ ಸಮಯ ಬಳಕೆ ಸಮೀಕ್ಷೆಯ ಅಂಕಿಯನ್ನು ಹೇಳಿದೆ: ಸಂಬಳವಿಲ್ಲದ ಮನೆಗೆಲಸ ಮಾಡುವವರಲ್ಲಿ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 289 ನಿಮಿಷ ಕೊಡುತ್ತಾರೆ, ಗಂಡಸರು 88 ನಿಮಿಷ. ಉಳಿಯುವ ಮೂರು ಗಂಟೆ ಎಲ್ಲಿ ಹೋಗುತ್ತದೆ ಎಂಬುದು ಅಲ್ಲಿದೆ. ಅವರು ನಾಲ್ಕನೆಯ ಹಾಳೆಯ ಬಳಿ ನಿಂತರು. “10.12, ಕೊರಿಯರ್” ಎಂದು ಮೆಲ್ಲಗೆ ಓದಿ, “ಅದು ನಾನು ತರಿಸಿದ್ದು” ಎಂದರು.

ನನ್ನ ಅಭಿಪ್ರಾಯವನ್ನು ಮುಚ್ಚುಮರೆಯಿಲ್ಲದೆ ಹೇಳಿದೆ. ಮನೆಯಿಂದ ದುಡಿಯುವವರ ಸಮಯವನ್ನು ಅವರೊಬ್ಬರೇ ಸರಿಪಡಿಸಲಾಗದು. ಆ ಹೊತ್ತಿಗೆ ಕೈಹಾಕುವವರೆಲ್ಲ ಸೇರಿ ಒಪ್ಪಬೇಕು. ಹೊರಗೆ ಹೋಗಿ ದುಡಿಯುವವರಿಗೆ ಕಚೇರಿಯ ಬಾಗಿಲೇ ಕಾವಲು. ಮನೆಯಲ್ಲಿರುವವರಿಗೆ ಆ ಬಾಗಿಲನ್ನು ಮನೆಮಂದಿಯೇ ಕಟ್ಟಿಕೊಡಬೇಕು.

ಹಾಗಾಗಿ ದಿನಕ್ಕೆ ಎರಡು ಅವಧಿಗಳನ್ನು ಗುರುತಿಸಿದೆವು, 10ರಿಂದ 11.30 ಮತ್ತು 1.30ರಿಂದ 3. ಆಗ ಕೋಣೆಯ ಬಾಗಿಲು ಹಾಕಿರುತ್ತದೆ, ಮೊಬೈಲ್ ಹಜಾರದಲ್ಲಿರುತ್ತದೆ. 3.15ಕ್ಕೆ ಮಗನ ಶಾಲಾ ವ್ಯಾನ್ ಬರುವುದರಿಂದ ಎರಡನೆಯದನ್ನು ಅದಕ್ಕಿಂತ ಮುಂದೆ ಎಳೆಯಲಿಲ್ಲ. ಕರೆಗಂಟೆ, ನೀರು, ಮೋಟಾರ್, ಗ್ಯಾಸ್ ಸಿಲಿಂಡರ್ ಯಾರ ಪಾಲಿಗೆ? ಮಾವನವರನ್ನು ಕೇಳಿ ಎಂದೆ. “ಅವರಿಗೆ 71, ಅವರಿಗೆ ಹೇಗೆ ಕೆಲಸ ಹೇಳುವುದು?” ಎಂದು ಇಬ್ಬರೂ ಹಿಂಜರಿದರು. ಗಂಡ ಕೇಳಿದಾಗ ಮಾವನವರು ಆಡಿದ ಮಾತು, “ಇಷ್ಟು ದಿನ ಯಾರೂ ಹೇಳಲೇ ಇಲ್ಲವಲ್ಲ!” ಮೊದಲ ವಾರ ಅವರು ಪ್ರತಿ ಕೊರಿಯರಿಗೂ ಬಾಗಿಲು ತಟ್ಟಿ “ಸಹಿ ಹಾಕಲೇ ಅಮ್ಮಾ?” ಎಂದು ಕೇಳುತ್ತಿದ್ದರಂತೆ. ಎರಡನೆಯ ವಾರದಲ್ಲಿ ಅದೂ ನಿಂತಿತು.

ಎಚ್ಚರಗಂಟೆಯ ವಿಚಾರಕ್ಕೆ ಬಂದರೆ, 25 ನಿಮಿಷ ಕೆಲಸ, 5 ನಿಮಿಷ ವಿರಾಮ ಎಂಬ ಪದ್ಧತಿ ಹಲವರಿಗೆ ಗೊತ್ತು. ಇಟಲಿಯ ಫ್ರಾಂಚೆಸ್ಕೊ ಚಿರಿಲ್ಲೊ 1980ರ ದಶಕದ ಕೊನೆಯಲ್ಲಿ ಟೊಮೆಟೊ ಆಕಾರದ ಅಡುಗೆಮನೆಯ ಟೈಮರ್ ಇಟ್ಟುಕೊಂಡು ರೂಪಿಸಿದ್ದು. ಈಕೆ ಅದನ್ನು ಮೊಬೈಲಿನಲ್ಲಿ ಮಾಡಿನೋಡಿ ಸೋತಿದ್ದರು, ಏಕೆಂದರೆ ಗಂಟೆ ಆರಿಸಲು ಕೈಗೆತ್ತಿಕೊಂಡ ಮೊಬೈಲ್ ಕೈಯಲ್ಲೇ ಉಳಿಯುತ್ತಿತ್ತು. ಚಾವಿ ತಿರುಗಿಸುವ ಸಾದಾ ಟೈಮರ್ ಕೊಳ್ಳಿ ಎಂದೆ. ಲೆಕ್ಕ ತಾಳೆ ನೋಡುವ ಕೆಲಸಕ್ಕೆ 25 ನಿಮಿಷ ಸಾಲದು, ಮನಸ್ಸು ಹಿಡಿಯುವಷ್ಟರಲ್ಲಿ ಮುಗಿದಿರುತ್ತದೆ. 40 ನಿಮಿಷ ಅವರಿಗೆ ಹೊಂದಿತು.

ಅಂದಾಜಿನ ತಪ್ಪೂ ಇತ್ತು. ಬ್ಯಾಂಕ್ ಪಟ್ಟಿ ತಾಳೆ ನೋಡಲು ಅವರು ಪ್ರತಿ ಸಲ ಅರ್ಧ ಗಂಟೆ ಎಂದು ಬರೆಯುತ್ತಿದ್ದರು, ಪ್ರತಿ ಸಲ 50 ನಿಮಿಷ ಹಿಡಿಯುತ್ತಿತ್ತು. ನಾವೆಲ್ಲರೂ ಹೀಗೆಯೇ. ಹಿಂದೆ ಎಷ್ಟು ಹಿಡಿಯಿತು ಎಂದು ಗೊತ್ತಿದ್ದರೂ ಈ ಸಲ ಬೇಗ ಆಗುತ್ತದೆ ಎಂದುಕೊಳ್ಳುತ್ತೇವೆ. ಮನೋವಿಜ್ಞಾನಿಗಳಾದ ಡೇನಿಯಲ್ ಕಾಹ್ನೆಮನ್ ಮತ್ತು ಏಮೋಸ್ ಟ್ವೆರ್ಸ್ಕಿ 1979ರಲ್ಲೇ ಇದನ್ನು ಗುರುತಿಸಿದ್ದರು. ಇನ್ನು ಮುಂದೆ ಅಂದಾಜು ಬೇಡ, ಹಿಂದಿನ ಮೂರು ಸಲದ ಲೆಕ್ಕ ನೋಡಿ ಬರೆಯಿರಿ ಎಂದೆ. ಲೆಕ್ಕದವರಿಗೆ ಈ ಮಾತು ಬೇಗ ಹಿಡಿಸಿತು.

ಕಷ್ಟವಾದದ್ದು ಗ್ರಾಹಕರಿಗೆ ಬರೆಯುವುದು. ಸಂದೇಶ ಬಂದ ನಿಮಿಷದಲ್ಲೇ ಉತ್ತರಿಸದಿದ್ದರೆ ಕೆಲಸ ಹೋಗುತ್ತದೆ ಎಂಬ ಭಯ ಅವರ ಮೈಯಲ್ಲೇ ಸೇರಿತ್ತು. ಆನ್‌ಲೈನ್ ಕೆಲಸದಲ್ಲಿ ಎದುರಿಗೆ ಕಾಣಿಸದವರು ತಾವು ದುಡಿಯುತ್ತಿದ್ದೇವೆಂದು ತೋರಿಸಲು ತಕ್ಷಣದ ಉತ್ತರವನ್ನೇ ಸಾಕ್ಷಿ ಮಾಡಿಕೊಳ್ಳುತ್ತಾರೆ. ಈ ನಗರದಲ್ಲಿ ಎಷ್ಟೋ ಮಂದಿಯಲ್ಲಿ ಇದನ್ನು ನೋಡಿದ್ದೇನೆ, ನೋಡಿದಾಗಲೆಲ್ಲ ನೋವಾಗುತ್ತದೆ. ನನ್ನ ಎದುರಿಗೇ ಕೂತು ನಾಲ್ಕು ಸಾಲು ಬರೆದರು: ಭಾರತದ ಸಮಯ ಮಧ್ಯಾಹ್ನ 12ಕ್ಕೆ ಮತ್ತು ಸಂಜೆ 5ಕ್ಕೆ ಸಂದೇಶ ನೋಡಿ ಉತ್ತರಿಸುತ್ತೇನೆ, ತುರ್ತಾದರೆ ಕರೆ ಮಾಡಿ, ಚಳಿಗಾಲದಲ್ಲಿ ಸಭೆ ವಾರಕ್ಕೆ ಮೂರು ದಿನ ಇರಲಿ. ಕಳುಹಿಸುವ ಗುಂಡಿ ಒತ್ತಲು ಹನ್ನೊಂದು ನಿಮಿಷ ಬೇಕಾಯಿತು. ಮೊದಲ ಎರಡಕ್ಕೆ ಗ್ರಾಹಕರು ಒಪ್ಪಿದರು. ಸಭೆಗೆ ಒಪ್ಪಲಿಲ್ಲ, ಐದೂ ದಿನ ಬೇಕೆಂದರು. ಹೀಗಾಗಿ ಆ ಹೊತ್ತನ್ನು ಮನೆಯಲ್ಲೇ ಹಂಚಬೇಕಾಯಿತು. ಮೂರು ದಿನ ಗಂಡ ಬೇಗ ಹೊರಟು 7ಕ್ಕೆ ಮನೆ ಸೇರಿ ಅಡುಗೆ, ಪಾಠ ಎರಡನ್ನೂ ನೋಡಿಕೊಳ್ಳುವುದು. ಉಳಿದ ಎರಡು ದಿನ ಸಾರು, ಪಲ್ಯ ಮಧ್ಯಾಹ್ನವೇ ಆಗಿರುವುದು, ಬಿಸಿ ಅನ್ನವೊಂದನ್ನು ಅತ್ತೆ ಇಡುವುದು. ತಮ್ಮ ಮಗ ಅಡುಗೆಮನೆಗೆ ಇಳಿದದ್ದು ಅತ್ತೆಗೆ ಇಂದಿಗೂ ಪೂರ್ತಿ ಒಪ್ಪಿಗೆಯಾಗಿಲ್ಲ. ಹೆಚ್ಚು ಉಪ್ಪಾದ ದಿನ ಆ ಮಾತು ಮತ್ತೆ ಏಳುತ್ತದೆ.

ರಾತ್ರಿಯ ವಿಷಯ ಅವರು ತಾವಾಗಿ ಹೇಳಿದ್ದು ನಾಲ್ಕನೆಯ ಭೇಟಿಯಲ್ಲಿ. ಎಲ್ಲರೂ ಮಲಗಿದ ಮೇಲೆ 11.30ರಿಂದ 1ರವರೆಗೆ ಹಾಸಿಗೆಯಲ್ಲಿ ಮೊಬೈಲ್ ನೋಡುತ್ತಾರೆ. ರಂಗೋಲಿ, ಸೀರೆ, ಅಡುಗೆ, ಯಾವುದಾದರೂ ಸರಿ. “ಅದೊಂದೇ ನನ್ನ ಹೊತ್ತು ಮೇಡಂ.” ಈ ಮಾತಿನ ಮುಂದೆ ನಾನು ಸುಮ್ಮನಾದೆ. ಅದನ್ನು ಬಿಡಿ ಎಂದು ಹೇಳುವುದು ಸುಲಭ, ಆದರೆ ತಮ್ಮದೆನ್ನುವ ಹೊತ್ತು ಹಗಲಿನಲ್ಲಿ ಸಿಗದವರು ಅದನ್ನು ನಿದ್ರೆಯಿಂದಲೇ ಕಡಿದುಕೊಳ್ಳುತ್ತಾರೆ. ಕೊಡದೆ ಕಿತ್ತುಕೊಳ್ಳುವುದು ಸಲಹೆಯಲ್ಲ. ಸಂಜೆ 5.30ರಿಂದ 6.10ರವರೆಗೆ ನಲವತ್ತು ನಿಮಿಷ ಅವರದು ಎಂದು ಮನೆಯಲ್ಲಿ ಹೇಳಿಸಿದೆ. ಏನು ಮಾಡುತ್ತೀರಿ ಎಂದು ಯಾರೂ ಕೇಳಕೂಡದು. ಹೆಚ್ಚಿನ ದಿನ ಪಾರ್ಕಿಗೆ ಹೋಗುತ್ತಾರೆ, ಕೆಲವು ದಿನ ಸುಮ್ಮನೆ ಮಲಗುತ್ತಾರೆ. ರಾತ್ರಿಯ ಮೊಬೈಲ್ ನಿಂತಿಲ್ಲ, 12ಕ್ಕೆ ಇಳಿದಿದೆ. ಮೊಬೈಲ್ ಬಳಕೆ ತಮ್ಮ ಹಿಡಿತಕ್ಕೇ ಸಿಗುತ್ತಿಲ್ಲ ಎನಿಸಿದರೆ ನಿಮ್ಹಾನ್ಸ್‌ನಲ್ಲಿ 2014ರಿಂದ ಇದಕ್ಕೆಂದೇ ‘ಶಟ್’ ಚಿಕಿತ್ಸಾಲಯವಿದೆ ಎಂದು ತಿಳಿಸಿದ್ದೇನೆ. ಮನಸ್ಸು ತೀರಾ ಕುಗ್ಗಿದ ಯಾವ ಹೊತ್ತಿನಲ್ಲಾದರೂ ಕರೆ ಮಾಡಲು ಟೆಲಿ ಮಾನಸ್ ಸಹಾಯವಾಣಿಯ 14416 ಸಂಖ್ಯೆಯನ್ನೂ ಬರೆದುಕೊಟ್ಟಿದ್ದೇನೆ.

ಮಾರ್ಚ್ ಕೊನೆಯಲ್ಲಿ ಮತ್ತೆ ಬಂದಾಗ ಸಭೆ 6.30ಕ್ಕೆ ಮರಳಿತ್ತು. ಮೊಬೈಲನ್ನು ಚೀಲದಲ್ಲೇ ಬಿಟ್ಟು ಕೂತರು. ಹಾಲಿನ ಲೆಕ್ಕದ ಕ್ಯಾಲೆಂಡರಿನಲ್ಲಿ ನವೆಂಬರ್ ಮೊದಲನೆಯ ಭಾನುವಾರಕ್ಕೆ ಈಗಲೇ ಕೆಂಪು ಸುತ್ತು ಹಾಕಿದ್ದಾರಂತೆ. ಶಾಲೆ ಮತ್ತೆ ಶುರುವಾದಾಗ ವ್ಯಾನಿನ ಹೊತ್ತು ಬದಲಾಗುವ ಸಂಭವವಿದೆ, ಆಗ ಮಧ್ಯಾಹ್ನದ ಅವಧಿಯನ್ನು ಸರಿಸಬೇಕಾಗುತ್ತದೆ. ಮುಂದಿನ ಭೇಟಿಯನ್ನು ಜೂನ್ ಎರಡನೆಯ ವಾರಕ್ಕೆ ಇಟ್ಟುಕೊಂಡಿದ್ದೇವೆ. ಈ ಸಲ ಅತ್ತೆಯವರೂ ಬರುತ್ತೇನೆ ಎಂದಿದ್ದಾರೆ.