ಕಂದಾಯ ಕಟ್ಟಿದ ಮೇಲೂ ರಸ್ತೆಗೆ ದುಡ್ಡು ಯಾಕೆ?

ಪ್ರಶ್ನೆ: ಬೆಂಗಳೂರಿನ ಹೊರಮಾವಿನಲ್ಲಿ 30×40 ಸೈಟಿನಲ್ಲಿ ನಮ್ಮ ಮನೆ. ಕನ್ವರ್ಷನ್ ಆದ, ಅಂದರೆ ಕೃಷಿ ಜಮೀನನ್ನು ವಸತಿಗೆ ಬದಲಿಸಿದ ಜಾಗ. ಪ್ರತಿ ಏಪ್ರಿಲ್‌ನಲ್ಲಿ ಕಂದಾಯ ಕಟ್ಟುತ್ತೇನೆ. ಖಾತಾ ಮಾಡಿಸುವಾಗ ಬೆಟರ್‌ಮೆಂಟ್ ಚಾರ್ಜ್ ಕಟ್ಟಿಸಿಕೊಂಡರು. ಈಗ ಕಾವೇರಿ ಕನೆಕ್ಷನ್‌ಗೂ ದುಡ್ಡು. ಪೈಪ್ ಹಾಕಲು ಅಗೆದ ರಸ್ತೆ ಹಾಗೇ ಬಿದ್ದಿದೆ. ಮೂರು ಸಲ ಕಟ್ಟುವುದಾ? ಬಾಡಿಗೆಯವರಿಂದ ಸ್ವಲ್ಪ ಕೇಳಬಹುದಾ?

ಉತ್ತರ: ಸಿಟ್ಟು ಬರುವುದು ಸಹಜ. 28 ವರ್ಷ ಕಂದಾಯ ವಿಭಾಗದಲ್ಲಿ ಕೂತವನು ನಾನು, ಈ ಪ್ರಶ್ನೆಗೆ ಬೈಸಿಕೊಂಡಷ್ಟು ಬೇರೆ ಯಾವುದಕ್ಕೂ ಬೈಸಿಕೊಂಡಿಲ್ಲ.

ಕಂದಾಯ ಇರುವುದು ಊರು ನಡೆಸಲಿಕ್ಕೆ. ಅದರ ಮೇಲೆ ಆರೋಗ್ಯಕ್ಕೆ ಶೇ. 15, ಗ್ರಂಥಾಲಯಕ್ಕೆ 6, ಭಿಕ್ಷುಕರ ಪುನರ್ವಸತಿಗೆ 3 ಅಂತ ಸೆಸ್ ಬೇರೆ. ಬೆಟರ್‌ಮೆಂಟ್ ಹಾಗಲ್ಲ, ಅದು ಇಲ್ಲದ ರಸ್ತೆ, ಚರಂಡಿ ಮಾಡಲು ಒಂದು ಸಲ ಕೊಡುವ ಪಾಲು. ನಿಮ್ಮ ಕಡೆ ಲೇಔಟ್ ಮಾಡಿದವರು ಬಹಳ ಜನ ಸುಣ್ಣದಲ್ಲಿ ಗೆರೆ ಎಳೆದು ಸೈಟ್ ಮಾರಿದರು, ಅಷ್ಟೇ. 2007ರಲ್ಲಿ 110 ಹಳ್ಳಿಗಳು ಪಾಲಿಕೆಗೆ ಸೇರಿದಾಗ ಅವರು ಬಿಟ್ಟುಹೋದ ಕೆಲಸವೂ ಜೊತೆಗೇ ಬಂತು. ಸೈಟ್ ಅಗ್ಗಕ್ಕೆ ಸಿಕ್ಕಿತ್ತು, ಅಲ್ವಾ?

1976ರ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ (ಬಿಡಿಎ) ಕಾಯ್ದೆಯ 20ನೇ ಸೆಕ್ಷನ್ ಇನ್ನೂ ನೇರವಾಗಿ ಹೇಳುತ್ತದೆ: ಬಡಾವಣೆ ಕೆಲಸದಿಂದ ನಿಮ್ಮ ಜಾಗದ ಬೆಲೆ ಏರಿದರೆ, ಏರಿದ್ದರಲ್ಲಿ ಮೂರನೇ ಒಂದು ಪಾಲು ತೆರಿಗೆ. ಈ ಲೆಕ್ಕ ನನಗೆ ಒಪ್ಪಿಗೆ. ಆದರೆ ಖಾತಾ ಕೌಂಟರಿನಲ್ಲಿ ನಾವು ನೋಡುತ್ತಿದ್ದುದು ಸೈಟಿನ ಅಳತೆ. ನಿಮ್ಮದು 111.48 ಚದರ ಮೀಟರ್. ಮೇನ್ ರೋಡಿನಲ್ಲಿ ಮನೆ ಕಟ್ಟಿದವನದೂ 111.48 ಆದರೆ ಅವನೂ ಅಷ್ಟೇ ಕಟ್ಟುತ್ತಿದ್ದ. ಇದು ನ್ಯಾಯ ಅಂತ ನನಗೆ ಕೌಂಟರಿನ ಒಳಗೆ ಕೂತಾಗಲೂ ಅನಿಸಲಿಲ್ಲ.

ಕಾವೇರಿಯದು ಬೇರೆಯೇ ಲೆಕ್ಕ. 2024ರ ಅಕ್ಟೋಬರ್‌ನಲ್ಲಿ ಶುರುವಾದ ಐದನೇ ಹಂತ, ದಿನಕ್ಕೆ 775 ದಶಲಕ್ಷ ಲೀಟರ್, ಮುಖ್ಯವಾಗಿ ಈ 110 ಹಳ್ಳಿಗಳಿಗೆಂದೇ ಆದದ್ದು. ಜಲಮಂಡಳಿ ಕೇಳುವುದು ಆ ಪೈಪಿನ ಪಾಲು. ಟ್ಯಾಂಕರಿನವನಿಗೆ ಒಂದು ಬೇಸಿಗೆ ಕೊಟ್ಟ ದುಡ್ಡು ನೆನಪು ಮಾಡಿಕೊಂಡು ಕಟ್ಟಿಬಿಡಿ.

ಅಗೆದ ರಸ್ತೆ? ಮೇನ್ ಪೈಪಿನ ಗುಂಡಿ ಮುಚ್ಚುವುದು ನಿಮ್ಮ ಖರ್ಚಲ್ಲ. ಮೇಸ್ತ್ರಿ ಬಂದು ಮನೆಗಿಷ್ಟು ಕೊಡಿ ಅಂದರೆ ಕೊಡಬೇಡಿ. ಮೇನ್ ಪೈಪಿನಿಂದ ನಿಮ್ಮ ಗೇಟಿನವರೆಗೆ ಅಗೆಯುವುದು ಮಾತ್ರ ನಿಮ್ಮದು, ಅದನ್ನೂ ಚಲನ್ ಮೂಲಕವೇ ಕಟ್ಟಿ.

ರಸೀದಿ ಜೋಪಾನ. ನಾನು ನಮ್ಮ ಮನೆ ಖಾತಾ ತಮ್ಮನ ಹೆಸರಿಗೆ ಮಾಡಿಸಲು ಹೋದಾಗ, ಬೆಟರ್‌ಮೆಂಟ್ ಕಟ್ಟಿದ ದಾಖಲೆಯೇ ಇಲ್ಲ ಅಂದರು. ನಾನೇ ಇಂಥ ಆಫೀಸಿನಲ್ಲಿ ಕೆಲಸ ಮಾಡಿದವನು! ಬಿಸ್ಕತ್ ಡಬ್ಬಿಯಲ್ಲಿ ಗುಲಾಬಿ ರಸೀದಿ ಸಿಕ್ಕಿತು. ಕಾರ್ಬನ್ ಅಕ್ಷರ ಪೂರ್ತಿ ಮಾಸಿಹೋಗಿತ್ತು, ಹಿಂದೆ ಅಮ್ಮ ಪೆನ್ಸಿಲ್ಲಿನಲ್ಲಿ ಬರೆದ ಹಾಲಿನ ಲೆಕ್ಕ ಮಾತ್ರ ಸ್ಪಷ್ಟ. ಪುಣ್ಯಕ್ಕೆ ಹಿಂದೆ ಯಾವಾಗಲೋ ಜೆರಾಕ್ಸ್ ಮಾಡಿಸಿದ್ದೆ. ನೀವು ಇವತ್ತೇ ಮಾಡಿಸಿ.

ಬಾಡಿಗೆಯವರನ್ನು ಕೇಳಬೇಡಿ. ಅವರು ಮನೆ ಖಾಲಿ ಮಾಡುವಾಗ ನಲ್ಲಿ ಬಿಚ್ಚಿಕೊಂಡು ಹೋಗುವುದಿಲ್ಲ.