ಪೇಪರ್ ಮೇಲೆ ಒಣಗಿಸಿದ ರಕ್ತದಿಂದ ಎಂಜೈಮ್ ಅಳೆಯುವುದು ಹೇಗೆ? ಆ ರಿಪೋರ್ಟ್ ನಂಬಬಹುದಾ?

ನಿಮ್ಮ ಅಕ್ಕನ ಮಗುವಿಗೆ ಗುಲ್ಮ ದೊಡ್ಡದಾಗಿದೆ, ಮೈಯಲ್ಲಿ ರಕ್ತ ಕಡಿಮೆ. ಶಿವಮೊಗ್ಗದ ಡಾಕ್ಟರು ಜುಲೈನಲ್ಲಿ ಫಿಲ್ಟರ್ ಪೇಪರ್ ಮೇಲೆ ರಕ್ತದ ಹನಿ ಹಾಕಿಸಿ ಬೆಂಗಳೂರಿಗೆ ಕಳಿಸಿದರು. 'ಬೀಟಾ ಗ್ಲುಕೋಸಿಡೇಸ್ ಕಡಿಮೆ, ಗೌಚರ್ ಕಾಯಿಲೆ ಇರಬಹುದು' ಅಂತ ರಿಪೋರ್ಟ್ ಬಂತು. ಬೀಟಾ ಗ್ಲುಕೋಸಿಡೇಸ್ ಅಂದರೆ ದೇಹದಲ್ಲಿ ಒಂದು ಬಗೆಯ ಕೊಬ್ಬನ್ನು ಒಡೆಯುವ ಎಂಜೈಮ್. ಒಂದು ಹನಿ ಒಣ ರಕ್ತವನ್ನು ತೂಕದ ಮಷೀನಿಗೆ ಹಾಕಿ ಇಷ್ಟು ದೊಡ್ಡ ಮಾತು ಹೇಗೆ ಹೇಳುತ್ತಾರೆ ಅಂತ ಕೇಳಿದ್ದೀರಿ. ನಾನು ಹೊಸನಗರದ ಕಡೆಯವನು, ಇಂಥ ಪರೀಕ್ಷೆ ಮಾಡುವ ಲ್ಯಾಬಿನಲ್ಲೇ ಕೆಲಸ ಮಾಡುತ್ತೇನೆ. ಮಷೀನನ್ನು ನಂಬಿ. ಆದರೆ ಮಳೆಗಾಲದಲ್ಲಿ ನಮ್ಮ ಮಲೆನಾಡಿನಿಂದ ಹೋದ ಕಾರ್ಡನ್ನು ಸ್ವಲ್ಪ ವಿಚಾರಿಸಿಯೇ ನಂಬಬೇಕು.

ಮೊದಲನೆಯದಾಗಿ, ಮಾಸ್ ಸ್ಪೆಕ್ಟ್ರೋಮೀಟರ್, ಅಂದರೆ ಅಣುಗಳನ್ನು ತೂಕದ ಮೇಲೆ ಗುರುತಿಸುವ ಆ ಮಷೀನು, ಇಲ್ಲಿ ಎಂಜೈಮನ್ನು ತೂಗುವುದೇ ಇಲ್ಲ. ಎಂಜೈಮ್ ಮಾಡಿದ ಕೆಲಸವನ್ನು ಅಳೆಯುತ್ತದೆ. ಅಡಿಕೆ ಸುಲಿಯಲು ಬಂದವರಿಗೆ ಸುಲಿದ ಅಡಿಕೆ ಅಳೆದು ಕೂಲಿ ಕೊಡುತ್ತೀವಿ ಅಲ್ವಾ, ಎಷ್ಟು ಜನ ಕೂತಿದ್ದರು ಅನ್ನುವುದರ ಮೇಲಲ್ಲ. ಇದೂ ಹಾಗೇ. ಗೌಚರ್ ಇರುವ ಮಕ್ಕಳಲ್ಲಿ ಕೆಲವೊಮ್ಮೆ ಎಂಜೈಮ್ ಇದ್ದೇ ಇರುತ್ತದೆ, ಆದರೆ ಅದರ ಆಕಾರ ಕೆಟ್ಟಿರುವುದರಿಂದ ಕೆಲಸ ಸಾಗುವುದಿಲ್ಲ. ಒಂದು ಬಗೆಯ ಕೊಬ್ಬು ಒಡೆಯದೆ ಗುಲ್ಮ, ಲಿವರ್, ಮೂಳೆಯ ಮಜ್ಜೆಯಲ್ಲಿ ತುಂಬಿಕೊಳ್ಳುತ್ತದೆ. ಹಾಗಾಗಿ ನೋಡಬೇಕಾದ್ದು ಎಷ್ಟಿದೆ ಅಂತಲ್ಲ, ಎಷ್ಟು ಕೆಲಸ ಮಾಡುತ್ತದೆ ಅಂತ.

ಲ್ಯಾಬಿನಲ್ಲಿ ಆ ರಕ್ತದ ಚುಕ್ಕೆಯಿಂದ 3.2 ಮಿಲಿಮೀಟರ್ ಅಗಲದ ಒಂದು ಬಿಲ್ಲೆ ಪಂಚ್ ಮಾಡಿ ತೆಗೆಯುತ್ತೇವೆ. ಅದರಲ್ಲಿರುವುದು ಸುಮಾರು 3 ಮೈಕ್ರೋಲೀಟರ್ ರಕ್ತ. ಅದಕ್ಕೆ ಎರಡು ವಸ್ತು ಸೇರಿಸುತ್ತೇವೆ. ಒಂದು, ಎಂಜೈಮ್ ಕತ್ತರಿಸಬೇಕಾದ ವಸ್ತು. ಇನ್ನೊಂದು, ಕತ್ತರಿಸಿದ ಮೇಲೆ ಏನು ಬರುತ್ತದೋ ಅದೇ ವಸ್ತು, ಆದರೆ ಸಾಮಾನ್ಯವಾಗಿ ಅದರ ಕೆಲವು ಹೈಡ್ರೋಜನ್ ಜಾಗದಲ್ಲಿ ಡ್ಯೂಟೀರಿಯಂ, ಅಂದರೆ ಹೈಡ್ರೋಜನ್ನಿನದೇ ಭಾರದ ರೂಪ, ಕೂರಿಸಿರುತ್ತಾರೆ. ಎಂಜೈಮ್ ಕತ್ತರಿಸಿ ಬರುವುದೂ ನಾವು ಹಾಕಿದ ಈ ವಸ್ತುವೂ ರಾಸಾಯನಿಕವಾಗಿ ಒಂದೇ, ನಾವು ಹಾಕಿದ್ದರ ತೂಕ ಮಾತ್ರ ಚೂರು ಜಾಸ್ತಿ. ಇದನ್ನು ಎಷ್ಟು ಹಾಕಿದ್ದೇವೆ ಅನ್ನುವುದು ನಮಗೆ ಸರಿಯಾಗಿ ಗೊತ್ತು. 37 ಡಿಗ್ರಿಯಲ್ಲಿ ಕೆಲವು ಗಂಟೆ ಇಡುತ್ತೇವೆ, ಕೆಲವು ವಿಧಾನದಲ್ಲಿ ರಾತ್ರಿಯಿಡೀ. ಆಮೇಲೆ ಕ್ರಿಯೆ ನಿಲ್ಲಿಸಿ, ಉಪ್ಪು, ಪ್ರೋಟೀನ್ ಎಲ್ಲ ತೆಗೆದು ಮಷೀನಿಗೆ ಕೊಟ್ಟರೆ, ಹಗುರದ್ದೂ ಭಾರದ್ದೂ ಪಕ್ಕಪಕ್ಕ ಕಾಣುತ್ತವೆ. ಹಗುರದ್ದರ ಸಿಗ್ನಲ್ ಭಾರದ್ದರ ಅರ್ಧ ಇದ್ದರೆ, ನಾವು ಹಾಕಿದ್ದರ ಅರ್ಧದಷ್ಟನ್ನು ಮಗುವಿನ ಎಂಜೈಮ್ ತಯಾರಿಸಿದೆ ಎಂದರ್ಥ. ರಕ್ತವೇ ಇಲ್ಲದ ಖಾಲಿ ಪೇಪರಿನಿಂದ ಬಂದ ಅಂಕಿಯನ್ನು ಕಳೆದು, ರಕ್ತದ ಪ್ರಮಾಣಕ್ಕೂ ಗಂಟೆಗೂ ಭಾಗಿಸುತ್ತೇವೆ. ನಿಮ್ಮ ರಿಪೋರ್ಟಿನಲ್ಲಿ 'ಮೈಕ್ರೋಮೋಲ್, ಲೀಟರಿಗೆ, ಗಂಟೆಗೆ' ಅಂತ ಇರುವುದು ಇದೇ.

ಲ್ಯಾಬಿನ ಕೆಲಸದ ನಡುವೆ ಸ್ವಲ್ಪ ಚೆಲ್ಲಿದರೂ, ಮಷೀನ್ ಆ ದಿನ ಸ್ವಲ್ಪ ಮಂದವಾಗಿದ್ದರೂ ಎರಡಕ್ಕೂ ಒಂದೇ ಥರ ಪೆಟ್ಟು ಬೀಳುತ್ತದೆ, ಅನುಪಾತ ಬದಲಾಗುವುದಿಲ್ಲ. ನನಗೆ ಈ ವಿಧಾನದಲ್ಲಿ ತುಂಬಾ ಇಷ್ಟವಾಗುವುದು ಇದೇ. ಒಣ ರಕ್ತದಲ್ಲೂ ಈ ಎಂಜೈಮ್‌ಗಳು ಉಳಿಯುತ್ತವೆ ಎಂದು 2001ರಲ್ಲಿ ಅರ್ಜೆಂಟೀನಾದ ನೆಸ್ಟರ್ ಚಾಮೋಲೆಸ್ ತೋರಿಸಿದರು. ಸಿಯಾಟಲ್‌ನ ಮೈಕೆಲ್ ಗೆಲ್ಬ್ ಮತ್ತು ಅವರ ಜೊತೆಯವರು 2004ರಲ್ಲಿ ಟ್ಯಾಂಡೆಮ್ ಮಾಸ್ (ಎರಡು ಹಂತದಲ್ಲಿ ತೂಗುವ ಇದೇ ಬಗೆಯ ಮಷೀನು) ಬಳಸಿ ಅದರಿಂದಲೇ ಹಲವು ಎಂಜೈಮ್ ಒಟ್ಟಿಗೆ ಅಳೆದರು.

ಈಗ ಕಾರ್ಡಿನ ವಿಷಯ. ರಕ್ತ ಹಾಕಿದ ಮೇಲೆ ಕಾರ್ಡನ್ನು ಮಲಗಿಸಿ, ಬಿಸಿಲು ತಾಗದ ಜಾಗದಲ್ಲಿ ಕನಿಷ್ಠ ಮೂರು ನಾಲ್ಕು ಗಂಟೆ ಸುಮ್ನೆ ಬಿಡಬೇಕು. ಪೂರ್ತಿ ಒಣಗಿದ ಮೇಲೆ ತೇವ ಹೀರುವ ಸಿಲಿಕಾ ಪೊಟ್ಟಣದ ಜೊತೆ ಜಿಪ್ ಕವರಿಗೆ ಹಾಕಬೇಕು. ಪುನರ್ವಸು ಮಳೆ ಹೊಡೆಯುವಾಗ ತೀರ್ಥಹಳ್ಳಿ, ಆಗುಂಬೆ ಕಡೆ ಒಳಗೆ ಹರವಿದ ಬಟ್ಟೆಯೇ ವಾರಗಟ್ಟಲೆ ಒಣಗುವುದಿಲ್ಲ, ಅಂಥದ್ದರಲ್ಲಿ ಕಾರ್ಡು ಒಣಗುವುದಕ್ಕೂ ಹೊತ್ತು ಜಾಸ್ತಿ ಬೇಕು. ತೇವ ಉಳಿದರೆ ಎಂಜೈಮ್ ದಾರಿಯಲ್ಲೇ ಕೆಡುತ್ತದೆ. ಬೇಗ ಒಣಗಲಿ ಅಂತ ಹೇರ್ ಡ್ರೈಯರ್ ಹಿಡಿದರೂ ಕೆಡುತ್ತದೆ. ಮಳೆಗಾಲದಲ್ಲಿ ಬಂದ ಕೆಲವು ಕವರ್ ಬಿಚ್ಚಿದರೆ ಒಳಗೆ ಬೆವರಿದಂತಿರುತ್ತದೆ, ಚುಕ್ಕೆಯ ಸುತ್ತ ನೀರಿನ ಉಂಗುರ, ಸಿಲಿಕಾ ಇಲ್ಲವೇ ಇಲ್ಲ. ಅಂಥ ಕಾರ್ಡನ್ನು ನಾವು ವಾಪಸ್ ಮಾಡುತ್ತೇವೆ. ಕಣ್ಣಿಗೆ ಚೆನ್ನಾಗಿ ಕಂಡೂ ಒಳಗೆ ಕೆಟ್ಟಿರುವ ಕಾರ್ಡಿನದೇ ಕಷ್ಟ.

ಅದಕ್ಕೆ ಅದೇ ಕಾರ್ಡಿನಲ್ಲಿ ಬೇರೆ ಎಂಜೈಮ್‌ಗಳನ್ನೂ ನೋಡುತ್ತಾರೆ. ಪಾಂಪೆ, ಫ್ಯಾಬ್ರಿ, ಕ್ರಾಬೆ ಎಂಬ ಗೌಚರ್ ಥರದ್ದೇ ಬೇರೆ ಕಾಯಿಲೆಗಳ ಎಂಜೈಮ್‌ಗಳ ಅಂಕಿಯೂ ನಿಮ್ಮ ರಿಪೋರ್ಟಿನಲ್ಲಿ ಇರಬಹುದು. ಅವೆಲ್ಲ ಸರಿಯಿದ್ದು ಬೀಟಾ ಗ್ಲುಕೋಸಿಡೇಸ್ ಒಂದೇ ನೆಲಕಚ್ಚಿದ್ದರೆ ಗೌಚರ್ ಅನುಮಾನ ಗಟ್ಟಿ. ಎಲ್ಲವೂ ಒಟ್ಟಿಗೆ ಇಳಿದಿದ್ದರೆ ಮೊದಲು ಕಾರ್ಡಿನ ಮೇಲೆ ಅನುಮಾನ ಪಡಿ. ಮಗುವಿಗೆ ಇತ್ತೀಚೆಗೆ ರಕ್ತ ಹಾಕಿಸಿದ್ದರೆ ಡಾಕ್ಟರಿಗೆ ಮರೆಯದೆ ಹೇಳಿ, ರಕ್ತ ಕೊಟ್ಟವರ ಎಂಜೈಮ್ ಸೇರಿಕೊಂಡು ಅಂಕಿ ಸುಳ್ಳೇ ಮೇಲೇರಬಹುದು.

ಏನೇ ಆದರೂ ಕಾರ್ಡಿನ ಫಲಿತಾಂಶ ಕೊನೆಯ ಮಾತಲ್ಲ. ಹೊಸದಾಗಿ ರಕ್ತ ತೆಗೆದು ಬಿಳಿ ರಕ್ತಕಣಗಳಲ್ಲಿ ಇದೇ ಎಂಜೈಮ್ ನೋಡಬೇಕು, ಈ ಎಂಜೈಮ್ ತಯಾರಿಸುವ ಸೂಚನೆ ಇರುವ ಜಿಬಿಎ ಜೀನ್ ಪರೀಕ್ಷೆಯೂ ಆಗಬೇಕು. ಸಾಧ್ಯವಾದರೆ ಮಗುವನ್ನೇ ಬೆಂಗಳೂರಿಗೆ ಕರೆದುಕೊಂಡು ಹೋಗಿ ಅಲ್ಲೇ ರಕ್ತ ಕೊಡಿ, ಸಾಗಾಟದ ತಲೆನೋವೇ ಇರುವುದಿಲ್ಲ. ಇಂದಿರಾ ಗಾಂಧಿ ಮಕ್ಕಳ ಆಸ್ಪತ್ರೆಯಲ್ಲಿ ಈ ಥರದ ಅಪರೂಪದ ಕಾಯಿಲೆಗಳನ್ನು ನೋಡುತ್ತಾರೆ. ತಡ ಮಾಡಬೇಡಿ, ಏಕೆಂದರೆ ಗೌಚರ್‌ಗೆ ಹೊರಗಿನಿಂದ ಎಂಜೈಮ್ ಕೊಡುವ ಚಿಕಿತ್ಸೆ 1991ರಿಂದಲೂ ಇದೆ. ದುಬಾರಿ ನಿಜ, ಆದರೆ ಸರ್ಕಾರದ ಅಪರೂಪದ ಕಾಯಿಲೆಗಳ ನೀತಿಯಲ್ಲಿ ನೆರವು ಕೇಳಲು ದಾರಿಯಿದೆ.

ರಿಪೋರ್ಟಿನಲ್ಲಿ ಉಳಿದ ಎಂಜೈಮ್‌ಗಳ ಅಂಕಿ ಮತ್ತು ಪಕ್ಕದಲ್ಲಿರುವ ನಾರ್ಮಲ್ ಮಿತಿ ಇದ್ದರೆ, ಮಗುವಿನ ಹೆಸರು ತೆಗೆದು ಇಲ್ಲೇ ಹಾಕಿ. ಹೇಗೆ ಓದಬೇಕು ಅಂತ ಹೇಳುತ್ತೇನೆ.