ಕೌನ್ಸಿಲ್‌ನಿಂದ ಪತ್ರ ಬಂದಿದೆ, ಗೆಳತಿಯ ಸಾವಿನ ಬಗ್ಗೆ ಮಾತಾಡಲಾ?

ಪ್ರಶ್ನೆ: ಮೇಡಂ, ನಾವು ಇಂಗ್ಲೆಂಡಿನಲ್ಲಿದ್ದೇವೆ. ನಮ್ಮ ಊರ ಕಡೆಯವಳೇ ಆದ ಗೆಳತಿಯನ್ನು ಅವಳ ಗಂಡ ಕೊಂದ. ಅವನಿಗೆ ಶಿಕ್ಷೆಯೂ ಆಯಿತು. ಈಗ ಇಲ್ಲಿನ ಸ್ಥಳೀಯ ಆಡಳಿತವಾದ ಕೌನ್ಸಿಲ್‌ನಿಂದ ‘ಡೊಮೆಸ್ಟಿಕ್ ಹೋಮಿಸೈಡ್ ರಿವ್ಯೂ’, ಅಂದರೆ ಮನೆಯವರಿಂದಲೇ ಆದ ಕೊಲೆಯ ಪರಿಶೀಲನೆ ಅಂತ ಪತ್ರ ಬಂದಿದೆ, ಅವಳ ಬಗ್ಗೆ ಮಾತಾಡಬೇಕಂತೆ. ಎಲ್ಲ ಮುಗಿದ ಮೇಲೆ ಇನ್ನೇನು ಕೇಳೋದಿದೆ? ಊರಲ್ಲಿರುವ ಅವಳ ಅಪ್ಪ ಅಮ್ಮನ ಮರ್ಯಾದೆ ಹೋಗುತ್ತೆ ಅಂತ ಭಯ. ನಮ್ಮ ಕರ್ನಾಟಕದಲ್ಲಿ ಇಂಥದ್ದು ಕೇಳಿಯೇ ಇಲ್ಲ.
– ಹೆಸರು ಬೇಡ

ಉತ್ತರ: ಮಾತಾಡಿ. ಒತ್ತಾಯ ಇಲ್ಲ, ಆದರೂ ಮಾತಾಡಿ.

ಇದು ಕೋರ್ಟ್ ಅಲ್ಲ. ತಪ್ಪು ಯಾರದು ಅಂತ ಕೋರ್ಟ್ ಆಗಲೇ ಹೇಳಿದೆ. ಇಲ್ಲಿ ಕೇಳುವುದೇ ಬೇರೆ: ಅವಳು ಬದುಕಿದ್ದಾಗ ಯಾರ್‍ಯಾರ ಹತ್ತಿರ ಹೋಗಿದ್ದಳು, ಅವರು ಏನು ಮಾಡಿದರು? ನಿದ್ದೆ ಬರಲ್ಲ ಅಂತ ಜಿಪಿ (ಅಲ್ಲಿನ ಕುಟುಂಬ ವೈದ್ಯರು) ಹತ್ತಿರ ಹೋದಾಗ, ಗಂಡನನ್ನು ಹೊರಗೆ ಕೂರಿಸಿ, ಮನೆಯಲ್ಲಿ ಹೇಗಿದೆಯಮ್ಮಾ ಅಂತ ಯಾರಾದರೂ ಕೇಳಿದರಾ? ಪೊಲೀಸರಿಗೆ ಗೊತ್ತಿದ್ದದ್ದು ಮಕ್ಕಳ ಶಾಲೆಗೆ ಗೊತ್ತಿತ್ತಾ?

ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಇದು 2004ರ ಕಾಯ್ದೆಯಲ್ಲೇ ಬಂತು, ಜಾರಿಯಾಗಿದ್ದು ಮಾತ್ರ 2011ರ ಏಪ್ರಿಲ್‌ನಲ್ಲಿ. ಪೊಲೀಸ್, ಆರೋಗ್ಯ ಸೇವೆ, ಕೌನ್ಸಿಲ್ ಎಲ್ಲರೂ ತಮಗೆ ಏನು ಗೊತ್ತಿತ್ತು, ಏನು ಮಾಡಿದೆವು ಅಂತ ಬರೆದುಕೊಡಬೇಕು. ಇವರಲ್ಲಿ ಯಾರಿಗೂ ಸೇರದ ಒಬ್ಬರು ಅಧ್ಯಕ್ಷರಾಗಿರುತ್ತಾರೆ. ಹಿಂಸೆ ತಾಳಲಾರದೆ ಆತ್ಮಹತ್ಯೆ ಮಾಡಿಕೊಂಡವರ ಸಾವನ್ನೂ ಹೀಗೆ ನೋಡಬಹುದು. ವರದಿಯಲ್ಲಿ ಸಾಮಾನ್ಯವಾಗಿ ನಿಜವಾದ ಹೆಸರು ಇರುವುದಿಲ್ಲ, ಅಪ್ಪ ಅಮ್ಮನಿಗೆ ಇದನ್ನು ಮೊದಲು ಹೇಳಿ.

ಕಡತದಲ್ಲಿರುವುದು ಅವಳು ಅಧಿಕಾರಿಗಳಿಗೆ ಹೇಳಿದ್ದು ಮಾತ್ರ. ನಿಮಗೆ ಹೇಳಿದ್ದು ಅಲ್ಲಿಲ್ಲ, ಅಲ್ವಾ? ಪಾಸ್‌ಪೋರ್ಟ್ ಅವನ ಹತ್ತಿರ ಇತ್ತಾ, ‘ವೀಸಾ ಕ್ಯಾನ್ಸಲ್ ಮಾಡಿಸ್ತೀನಿ’ ಅಂತ ಹೆದರಿಸುತ್ತಿದ್ದನಾ, ಸಂಬಳ ಅವನ ಖಾತೆಗೇ ಹೋಗುತ್ತಿತ್ತಾ, ಆಸ್ಪತ್ರೆಯಲ್ಲಿ ಅವಳ ಪರವಾಗಿ ಇಂಗ್ಲಿಷ್ ಮಾತಾಡುತ್ತಿದ್ದವನು ಅವನೇನಾ? ಇವೆಲ್ಲ ಸಣ್ಣ ಮಾತಲ್ಲ. ಹೊಡೆಯದೇ ಹೀಗೆ ಕಟ್ಟಿಹಾಕಿ ಇಡುವುದೂ ಅಲ್ಲಿ 2015ರ ಕೊನೆಯಿಂದ ಅಪರಾಧ.

ಇದರಿಂದ ಏನಾದರೂ ಬದಲಾಗುತ್ತಾ ಅಂತ ನೀವು ಕೇಳಬಹುದು. ಬದಲಾಗಬೇಕಾದಷ್ಟು ಆಗಿಲ್ಲ. ವರದಿ ಬರಲು ವರ್ಷಗಟ್ಟಲೆ ಹಿಡಿಯುತ್ತದೆ, ಮಾಹಿತಿ ಹಂಚಿಕೊಳ್ಳಲಿಲ್ಲ, ಅಪಾಯ ಎಷ್ಟಿದೆ ಅಂತ ಸರಿಯಾಗಿ ಅಳೆಯಲಿಲ್ಲ ಅನ್ನುವ ಮಾತುಗಳೇ ಊರಿಂದ ಊರಿಗೆ ಮತ್ತೆ ಮತ್ತೆ ಬರುತ್ತವೆ. ‘ಸಿಬ್ಬಂದಿಗೆ ತರಬೇತಿ ಕೊಟ್ಟಿದ್ದೇವೆ’ ಅಂತ ಬರೆದರೆ ಸಾಲದು ಅಂತಲೇ ನನ್ನ ವಾದ. ಗಂಡನನ್ನು ದುಭಾಷಿಯಾಗಿ ಕೂರಿಸುವುದು ಇವತ್ತು ಆ ಕ್ಲಿನಿಕ್‌ನಲ್ಲಿ ನಿಂತಿದೆಯಾ? ಅದನ್ನು ಯಾರು, ಯಾವಾಗ ಹೋಗಿ ನೋಡಿದರು? ಇಷ್ಟು ಗೊತ್ತಾದರೆ ಮಾತ್ರ ಕಲಿತಂತೆ.

ನಮ್ಮಲ್ಲಿ ಮದುವೆಯಾಗಿ 7 ವರ್ಷದೊಳಗೆ ಹೆಣ್ಣುಮಗಳು ಅನುಮಾನಾಸ್ಪದವಾಗಿ ಸತ್ತರೆ ತಹಶೀಲ್ದಾರರು ಬಂದು ಪಂಚನಾಮೆ ಮಾಡುತ್ತಾರೆ. ಅದು ಹೇಗೆ ಸತ್ತಳು ಅಂತ ನೋಡುತ್ತದೆ. ಅವಳು ಮೊದಲು ಠಾಣೆಗೆ ಬಂದಾಗ ‘ಹೊಂದಿಕೊಂಡು ಹೋಗಮ್ಮ’ ಅಂತ ಕಳಿಸಿದ್ದು ಅದರಲ್ಲಿ ಬರುವುದೇ ಇಲ್ಲ. ಹೆರಿಗೆಯಲ್ಲಿ ತಾಯಿ ಸತ್ತರೆ ಮಾತ್ರ ನಮ್ಮ ಆರೋಗ್ಯ ಇಲಾಖೆಯವರು ಮನೆಗೇ ಹೋಗಿ, ಯಾವ ಆಸ್ಪತ್ರೆಗೆ ಹೋದಿರಿ, ಆಂಬುಲೆನ್ಸ್ ಎಷ್ಟು ಹೊತ್ತಿಗೆ ಬಂತು, ಎಲ್ಲಿ ತಡವಾಯಿತು ಅಂತ ಕೇಳುತ್ತಾರೆ. ಗಂಡನ ಕೈಯಲ್ಲಿ ಸತ್ತವಳಿಗೂ ಅದೇ ಪ್ರಶ್ನೆಗಳನ್ನು ಕೇಳಲು ಏನು ಅಡ್ಡಿ? ಕೌಟುಂಬಿಕ ಹಿಂಸೆಯ ದೂರು ನೋಡುವ ಸಂರಕ್ಷಣಾಧಿಕಾರಿ, ನೊಂದ ಹೆಣ್ಣುಮಕ್ಕಳಿಗೆ ನೆರವಾಗುವ ಸಖಿ ಕೇಂದ್ರ, ಠಾಣೆ ಎಲ್ಲ ಕಡೆ ದಾಖಲೆ ಇರುತ್ತದೆ. ಒಟ್ಟಿಗೆ ಕೂತು ಓದುವವರು ಬೇಕು.

ಈಗ ನಿಮ್ಮ ಕೆಲಸ. ನೆನಪಿರುವುದನ್ನು ಕನ್ನಡದಲ್ಲೇ ಬರೆದಿಡಿ, ಅವಳು ಕಳಿಸಿದ ಮೆಸೇಜ್ ಅಳಿಸಬೇಡಿ. ಅಪ್ಪ ಅಮ್ಮನ ಜೊತೆ ಮಾತಾಡಲು ಕನ್ನಡದ ದುಭಾಷಿ ಬೇಕು ಅಂತ ಈಗಲೇ ಕೇಳಿ. ಒಂಟಿ ಅನ್ನಿಸಿದರೆ ‘ಆಫ್ಡಾ’ (AAFDA) ಎಂಬ ಸಂಸ್ಥೆಗೆ ಬರೆಯಿರಿ. ಸೋದರಿಯನ್ನೂ ಅವಳ ಮಗನನ್ನೂ 2003ರಲ್ಲಿ ಹೀಗೇ ಕಳೆದುಕೊಂಡ ಫ್ರಾಂಕ್ ಮುಲೇನ್ ಕಟ್ಟಿದ್ದು ಅದು, ಇಂಥ ಕುಟುಂಬಗಳ ಜೊತೆ ನಿಲ್ಲುವುದೇ ಅವರ ಕೆಲಸ.